ಛೇದವಿಲ್ಲದ ದಾಖಲೆಗಳು: ಎನ್‌ಬಿಎ ಆಲ್-ಸ್ಟಾರ್ ವಾರಾಂತ್ಯದ ಅಂಕಗಳನ್ನು ಹೋಲಿಸುವ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಋತುವಿನ ನಡುವೆ ನಡೆಸುವ ಆಲ್-ಸ್ಟಾರ್ ವಾರಾಂತ್ಯದ ಕಲಾಪಗಳನ್ನು ಎರಡು ಗುಂಪಾಗಿ ವಿಂಗಡಿಸಬಹುದು. ಡಂಕ್ ಸ್ಪರ್ಧೆ, ಮೂರಂಕದ ಎಸೆತದ ಸ್ಪರ್ಧೆ, ಕೌಶಲ ಸ್ಪರ್ಧೆ (ಸ್ಕಿಲ್ಸ್ ಚಾಲೆಂಜ್) ಮೊದಲ ಗುಂಪಿನವು. ಭಾನುವಾರದ ಆಲ್-ಸ್ಟಾರ್ ಪಂದ್ಯ, ಕಿರಿಯ ಆಟಗಾರರ ಪಂದ್ಯ, 1993ರವರೆಗೆ ನಡೆದ ಹಿರಿಯರ ಪಂದ್ಯ ಎರಡನೆಯ ಗುಂಪಿನ ಪ್ರದರ್ಶನ ಪಂದ್ಯಗಳು.

ಈ ಕಲಾಪಗಳ ದಾಖಲೆಗಳನ್ನು ಸಾಮಾನ್ಯವಾಗಿ ಒಂದೇ ಸಾಲಿನ ಪಟ್ಟಿಯಾಗಿ ಕೊಡುವ ರೂಢಿಯಿದೆ: ವರ್ಷ, ವಿಜೇತ, ತಂಡ, ಅಂಕ. ನಿಯಮಗಳು ಬದಲಾಗದಿದ್ದರೆ ಇಷ್ಟು ವಿವರ ಸಾಕಾಗುತ್ತಿತ್ತು. ಆದರೆ ಗರಿಷ್ಠ ಅಂಕ, ಎಸೆತದ ದೂರ, ಸುತ್ತುಗಳ ಸಂಖ್ಯೆ, ತೀರ್ಪು ಕೊಡುವವರು ಇವೆಲ್ಲ ಕಾಲಕಾಲಕ್ಕೆ ಬದಲಾಗಿವೆ. ಹೀಗಾಗಿ ಪಟ್ಟಿಯ ಯಾವ ಅಂಶಗಳನ್ನು ವರ್ಷಗಳಾಚೆ ಹೋಲಿಸಬಹುದು, ಯಾವುದನ್ನು ಹೋಲಿಸಲಾಗದು ಎಂಬಷ್ಟಕ್ಕೆ ಈ ಟಿಪ್ಪಣಿ ಸೀಮಿತ. ಅವಧಿ 1976ರಿಂದ 2025ರವರೆಗೆ. ಆಟಗಾರರ ಶ್ರೇಷ್ಠತೆಯ ತೀರ್ಮಾನ ಇಲ್ಲಿನ ಉದ್ದೇಶವಲ್ಲ.

2. ಆರಂಭದ ವರ್ಷ: ಮೂರು ಉತ್ತರಗಳು

ಡಂಕ್ ಸ್ಪರ್ಧೆ ಮೊದಲು ನಡೆದದ್ದು ಯಾವಾಗ ಎಂಬ ಪ್ರಶ್ನೆಗೆ 1976, 1977, 1984 ಎಂಬ ಮೂರು ಉತ್ತರಗಳು ಬಳಕೆಯಲ್ಲಿವೆ. ಮೂರೂ ತಮ್ಮ ತಮ್ಮ ಮಿತಿಯಲ್ಲಿ ಸರಿಯಾದವೇ.

(ಅ) 1976ರ ಜನವರಿ 27ರಂದು ಡೆನ್ವರ್ ನಗರದ ಮೆಕ್‌ನಿಕಲ್ಸ್ ಕ್ರೀಡಾಂಗಣದಲ್ಲಿ, ಎನ್‌ಬಿಎಗೆ ಪ್ರತಿಸ್ಪರ್ಧಿಯಾಗಿದ್ದ ಎಬಿಎ ಲೀಗಿನ ಆಲ್-ಸ್ಟಾರ್ ಪಂದ್ಯದ ಮಧ್ಯಂತರದಲ್ಲಿ ಸ್ಪರ್ಧೆ ನಡೆಯಿತು. ಜೂಲಿಯಸ್ ಅರ್ವಿಂಗ್, ಡೇವಿಡ್ ಥಾಂಪ್ಸನ್, ಆರ್ಟಿಸ್ ಗಿಲ್ಮೋರ್, ಜಾರ್ಜ್ ಗರ್ವಿನ್, ಲ್ಯಾರಿ ಕೆನನ್ ಸ್ಪರ್ಧಿಗಳು, ಗೆದ್ದವರು ಅರ್ವಿಂಗ್. ಆಗ ಲೀಗಿನಲ್ಲಿ ಉಳಿದಿದ್ದುದು ಏಳೇ ತಂಡಗಳು. ಆದ್ದರಿಂದ ಅಂದಿನ ಪಂದ್ಯವೂ ಪೂರ್ವ-ಪಶ್ಚಿಮ ತಂಡಗಳ ನಡುವೆ ನಡೆಯದೆ, ಡೆನ್ವರ್ ನಗೆಟ್ಸ್ ಮತ್ತು ಉಳಿದ ತಂಡಗಳಿಂದ ಆಯ್ದವರ ನಡುವೆ ನಡೆಯಿತು. ನಗೆಟ್ಸ್ 144-138ರಿಂದ ಗೆದ್ದಿತು. ಅದೇ ವರ್ಷ ಎಬಿಎ ಕೊನೆಗೊಂಡು ಅದರ ನಾಲ್ಕು ತಂಡಗಳು ಎನ್‌ಬಿಎ ಸೇರಿದವು.

(ಆ) 1976-77ರ ಋತುವಿನಲ್ಲಿ ಎನ್‌ಬಿಎ ತಾನೇ ಒಂದು ಡಂಕ್ ಸ್ಪರ್ಧೆ ನಡೆಸಿತು. ಅದು ಒಂದು ದಿನದ ಕಲಾಪವಾಗಿರಲಿಲ್ಲ. ಋತುವಿನುದ್ದಕ್ಕೂ ಪಂದ್ಯಗಳ ಮಧ್ಯಂತರದಲ್ಲಿ ಹಂತಹಂತವಾಗಿ ಸಾಗಿತು. ಅಂತಿಮ ಹಣಾಹಣಿಯಲ್ಲಿ ಲ್ಯಾರಿ ಮೆಕ್‌ನೀಲ್ ಅವರನ್ನು ಸೋಲಿಸಿ ಡಾರ್ನೆಲ್ ಹಿಲ್‌ಮನ್ ವಿಜೇತರಾದರು.

(ಇ) 1984ರ ಜನವರಿ 28, ಶನಿವಾರ, ಅದೇ ಮೆಕ್‌ನಿಕಲ್ಸ್ ಕ್ರೀಡಾಂಗಣದಲ್ಲಿ ಡಂಕ್ ಸ್ಪರ್ಧೆ ಎನ್‌ಬಿಎ ಆಲ್-ಸ್ಟಾರ್ ಕಲಾಪದ ಭಾಗವಾಗಿ ನಡೆಯಿತು. ಲ್ಯಾರಿ ನ್ಯಾನ್ಸ್ ಅಂತಿಮ ಸುತ್ತಿನಲ್ಲಿ ಅರ್ವಿಂಗ್ ಅವರನ್ನು ಸೋಲಿಸಿದರು. ಈಗಿನ ವಿಜೇತರ ಪಟ್ಟಿಗಳು ಬಹುಮಟ್ಟಿಗೆ ಇಲ್ಲಿಂದಲೇ ಶುರುವಾಗುತ್ತವೆ.

ಹೀಗೆ, ಎನ್‌ಬಿಎಯ ಮೊದಲ ಡಂಕ್ ವಿಜೇತ ಹಿಲ್‌ಮನ್; ಎನ್‌ಬಿಎ ಆಲ್-ಸ್ಟಾರ್ ವಾರಾಂತ್ಯದ ಮೊದಲ ಡಂಕ್ ವಿಜೇತ ನ್ಯಾನ್ಸ್; ಆಲ್-ಸ್ಟಾರ್ ಪಂದ್ಯವೊಂದರ ಜೊತೆಗೆ ನಡೆದ ಡಂಕ್ ಸ್ಪರ್ಧೆಯ ಮೊದಲ ವಿಜೇತ ಅರ್ವಿಂಗ್. 1976 ಮತ್ತು 1984ರ ಕೊಂಡಿ ಕೇವಲ ಕ್ರೀಡಾಂಗಣದ್ದಲ್ಲ. ಎರಡೂ ಸಂದರ್ಭಗಳಲ್ಲಿ ಡೆನ್ವರ್ ತಂಡದ ಆಡಳಿತದ ಚುಕ್ಕಾಣಿ ಕಾರ್ಲ್ ಶಿಯರ್ ಅವರ ಕೈಯಲ್ಲಿತ್ತು.

ಇನ್ನೊಂದು ದಿನಾಂಕವನ್ನೂ ಇಲ್ಲೇ ಗುರುತಿಸಬೇಕು. ಆಲ್-ಸ್ಟಾರ್ ವಾರಾಂತ್ಯದ ಕಲ್ಪನೆಯನ್ನು ಕಮಿಷನರ್ ಡೇವಿಡ್ ಸ್ಟರ್ನ್ ಅವರ ಅಧಿಕಾರಾವಧಿಯ ಸಾಧನೆಗಳಲ್ಲಿ ಸೇರಿಸುವುದುಂಟು. ಸ್ಟರ್ನ್ ಆ ಹುದ್ದೆಗೆ ಬಂದದ್ದು 1984ರ ಫೆಬ್ರವರಿ 1ರಂದು. ಮೊದಲ ವಾರಾಂತ್ಯದ ಪಂದ್ಯ ಜನವರಿ 29ಕ್ಕೇ ಮುಗಿದಿತ್ತು. ಆಗಿನ ಕಮಿಷನರ್ ಲ್ಯಾರಿ ಓಬ್ರಿಯನ್. ಲೀಗಿನ ಹಿರಿಯ ಅಧಿಕಾರಿಯಾಗಿ ಸ್ಟರ್ನ್ ಅವರಿಗೆ ಇದರಲ್ಲಿ ಪಾಲಿತ್ತು ಎಂಬುದನ್ನು ಅಲ್ಲಗಳೆಯಬೇಕಿಲ್ಲ. ಆದರೂ ಅಧಿಕಾರಾವಧಿಯ ಲೆಕ್ಕದಲ್ಲಿ ಅದು ಮೂರು ದಿನ ಹಿಂದಿನದು.

3. ಅಳತೆಯ ಒಂದು ಗೊಂದಲ: ಫ್ರೀ ಥ್ರೋ ಗೆರೆ

ಅರ್ವಿಂಗ್ 1976ರಲ್ಲಿ, ಮೈಕೆಲ್ ಜೋರ್ಡಾನ್ 1988ರಲ್ಲಿ ಫ್ರೀ ಥ್ರೋ ಗೆರೆಯ ಬಳಿಯಿಂದ ಚಿಮ್ಮಿ ಮಾಡಿದ ಡಂಕ್‌ಗಳನ್ನು "15 ಅಡಿಯ ಡಂಕ್" ಎಂದು ವರ್ಣಿಸುವುದಿದೆ. ಈ ಸಂಖ್ಯೆಗೆ ಒಂದು ತಿದ್ದುಪಡಿ ಬೇಕು. ನಿಯಮದ ಪ್ರಕಾರ 15 ಅಡಿ, ಅಂದರೆ 4.57 ಮೀಟರ್, ಎಂಬುದು ಗೆರೆಯಿಂದ ಹಿಂಬದಿ ಹಲಗೆಯ ಮುಖಕ್ಕೆ ಇರುವ ದೂರ. ಬಳೆಯ ಒಳಅಂಚು ಹಲಗೆಯಿಂದ 6 ಇಂಚು ಮುಂದಿದೆ; ಬಳೆಯ ವ್ಯಾಸ 18 ಇಂಚು. ಆದ್ದರಿಂದ ಬಳೆಯ ಕೇಂದ್ರ ಹಲಗೆಯಿಂದ 15 ಇಂಚು, ಮುಂದಿನ ಅಂಚು 24 ಇಂಚು ದೂರದಲ್ಲಿರುತ್ತವೆ. ಗೆರೆಯಿಂದ ಕೇಂದ್ರಕ್ಕೆ ನೆಲದ ಮೇಲಿನ ದೂರ 13 ಅಡಿ 9 ಇಂಚು (4.19 ಮೀಟರ್), ಮುಂದಿನ ಅಂಚಿಗೆ 13 ಅಡಿ (3.96 ಮೀಟರ್). ಪಾದ ಗೆರೆಯ ಹಿಂದೆಯೇ ಇತ್ತು ಎಂದು ಒಪ್ಪಿಕೊಂಡರೂ ಬಳೆಯವರೆಗಿನ ದೂರ 15 ಅಡಿ ಆಗುವುದಿಲ್ಲ.

4. ಕ್ರಮಸಂಖ್ಯೆ: 1998, 1999, 2021

1998ರಲ್ಲಿ ನ್ಯೂಯಾರ್ಕ್‌ನಲ್ಲಿ ವಾರಾಂತ್ಯ ನಡೆಯಿತು, ಡಂಕ್ ಸ್ಪರ್ಧೆ ನಡೆಯಲಿಲ್ಲ. ಅದರ ಜಾಗದಲ್ಲಿ ಎನ್‌ಬಿಎ ಮತ್ತು ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯ ತಲಾ ಒಬ್ಬ ಆಟಗಾರರು ಜೋಡಿಯಾಗಿ ಆಡುವ "2ಬಾಲ್" ಬಂತು. ಹ್ಯೂಸ್ಟನ್‌ನ ಕ್ಲೈಡ್ ಡ್ರೆಕ್ಸ್ಲರ್ ಮತ್ತು ಸಿಂಥಿಯಾ ಕೂಪರ್ ಗೆದ್ದರು. 1999ರಲ್ಲಿ ಮಾಲೀಕರ ಲಾಕೌಟ್‌ನಿಂದ ಋತು ಮೊಟಕಾಗಿ ವಾರಾಂತ್ಯವೇ ರದ್ದಾಯಿತು. ಎರಡು ಖಾಲಿ ವರ್ಷಗಳ ಕಾರಣಗಳು ಬೇರೆಬೇರೆ. ಪಟ್ಟಿಯಲ್ಲಿ ಎರಡೂ ಒಂದೇ ಬಗೆಯ ಖಾಲಿ ಸಾಲಾಗಿ ಕಾಣುತ್ತವೆ.

ಇದರ ಪರಿಣಾಮ ಎಣಿಕೆಯ ಮೇಲಾಗುತ್ತದೆ. 1984ರಿಂದ 2025ರವರೆಗೆ 42 ವರ್ಷಗಳಲ್ಲಿ ಡಂಕ್ ಸ್ಪರ್ಧೆ ನಡೆದದ್ದು 40 ಬಾರಿ. 1977ನ್ನು ಸೇರಿಸಿದರೆ 41, ಎಬಿಎಯ 1976ನ್ನೂ ಸೇರಿಸಿದರೆ 42. ಮೂರಂಕದ ಸ್ಪರ್ಧೆ ಶುರುವಾದದ್ದು 1986ರಲ್ಲಿ, ಡಲ್ಲಾಸ್‌ನಲ್ಲಿ. 1998ರಲ್ಲೂ ಅದು ನಡೆಯಿತು. ಆದ್ದರಿಂದ 2025ರವರೆಗೆ 39 ಬಾರಿ. ಭಾನುವಾರದ ಪಂದ್ಯ 1951ರಲ್ಲಿ ಬಾಸ್ಟನ್‌ನಲ್ಲಿ ಆರಂಭವಾಯಿತು. 1999 ಬಿಟ್ಟು ಎಣಿಸಿದರೆ 2025ರದು 74ನೆಯದು.

ಜೆಫ್ ಹಾರ್ನಸೆಕ್ 1998 ಮತ್ತು 2000ದಲ್ಲಿ ಮೂರಂಕದ ಸ್ಪರ್ಧೆ ಗೆದ್ದರು. ಒಂದರ ಹಿಂದೆ ಒಂದು ಸ್ಪರ್ಧೆ ಗೆದ್ದವರ ಪಟ್ಟಿಯಲ್ಲಿ ಅವರಿಗೆ ಸ್ಥಾನವುಂಟು. ಒಂದರ ಹಿಂದೆ ಒಂದು ವರ್ಷ ಗೆದ್ದವರ ಪಟ್ಟಿಯಲ್ಲಿ ಇಲ್ಲ. ಲ್ಯಾರಿ ಬರ್ಡ್ (1986-88), ಕ್ರೇಗ್ ಹಾಡ್ಜಸ್ (1990-92), ಮಾರ್ಕ್ ಪ್ರೈಸ್ (1993-94), ಪೇಜಾ ಸ್ಟೊಯಾಕೊವಿಚ್ (2002-03), ಜೇಸನ್ ಕಪೋನೊ (2007-08), ಡೇಮಿಯನ್ ಲಿಲ್ಲಾರ್ಡ್ (2023-24) ಇವರ ವಿಷಯದಲ್ಲಿ ಈ ಭೇದ ಏಳುವುದಿಲ್ಲ. ಡಂಕ್ ಪಟ್ಟಿಯಲ್ಲಿ ಕೋಬಿ ಬ್ರಯಂಟ್ (1997) ಮತ್ತು ವಿನ್ಸ್ ಕಾರ್ಟರ್ (2000) ಪಕ್ಕಪಕ್ಕದ ಸಾಲುಗಳಲ್ಲಿದ್ದರೂ ನಡುವಿನ ಅಂತರ ಮೂರು ವರ್ಷ.

2021ರದು ಇನ್ನೊಂದು ಅಪವಾದ. ಕೋವಿಡ್ ಕಾರಣದಿಂದ ಆ ವರ್ಷದ ಕಲಾಪಗಳೆಲ್ಲ ಮಾರ್ಚ್ 7ರಂದು ಅಟ್ಲಾಂಟಾದಲ್ಲಿ ಒಂದೇ ದಿನ ನಡೆದವು. ಕೌಶಲ ಮತ್ತು ಮೂರಂಕದ ಸ್ಪರ್ಧೆಗಳು ಪಂದ್ಯಕ್ಕೆ ಮೊದಲು, ಡಂಕ್ ಸ್ಪರ್ಧೆ ಮಧ್ಯಂತರದಲ್ಲಿ. ಸ್ಥಾನದ ದೃಷ್ಟಿಯಿಂದ 2021ರ ಡಂಕ್ ಸ್ಪರ್ಧೆ 1984ರದ್ದಕ್ಕಿಂತ 1976ರದ್ದಕ್ಕೆ ಹತ್ತಿರ.

5. ಮೂರಂಕದ ಸ್ಪರ್ಧೆ: ಗರಿಷ್ಠ ಅಂಕದ ಮೂರು ಹಂತಗಳು

ಅಂಕಣದ ಐದು ಜಾಗಗಳಲ್ಲಿ ಐದೈದು ಚೆಂಡುಗಳ ಐದು ರ‍್ಯಾಕ್‌ಗಳು ಎಂಬ ಮೂಲ ರಚನೆ 1986ರಿಂದ ಹಾಗೆಯೇ ಇದೆ. ಅದರ ಮೇಲೆ ಕೂಡಿಸಿದ ಅಂಕಗಳು ಬದಲಾಗಿವೆ.

ಮೊದಲ ಹಂತ (1986-2013): ಪ್ರತಿ ರ‍್ಯಾಕ್‌ನಲ್ಲಿ ನಾಲ್ಕು ಚೆಂಡುಗಳಿಗೆ ತಲಾ 1 ಅಂಕ, ಎಬಿಎ ಚೆಂಡಿನ ಕೆಂಪು-ಬಿಳಿ-ನೀಲಿ ಬಣ್ಣದ ಕೊನೆಯ "ಮನಿ ಬಾಲ್"ಗೆ 2 ಅಂಕ. ಒಟ್ಟು 25 ಚೆಂಡು, 60 ಸೆಕೆಂಡ್, ಗರಿಷ್ಠ 30.

ಎರಡನೆಯ ಹಂತ (2014-2019): ಆಟಗಾರ ಆಯ್ದುಕೊಂಡ ಒಂದು ರ‍್ಯಾಕ್‌ನ ಐದೂ ಚೆಂಡುಗಳು ಮನಿ ಬಾಲ್. 25 ಚೆಂಡು, 60 ಸೆಕೆಂಡ್, ಗರಿಷ್ಠ 34.

ಮೂರನೆಯ ಹಂತ (2020ರಿಂದ): ಗೆರೆಯಿಂದ ಇನ್ನೂ 6 ಅಡಿ ಹಿಂದೆ, ರ‍್ಯಾಕ್‌ಗಳ ನಡುವೆ, ತಲಾ 3 ಅಂಕದ ಎರಡು ಚೆಂಡುಗಳು ಸೇರಿದವು. 27 ಚೆಂಡು, 70 ಸೆಕೆಂಡ್, ಗರಿಷ್ಠ 40.

ಒಂದು ಚೆಂಡಿಗೆ ಸಿಗುವ ಸರಾಸರಿ ಸಮಯ 2.40 ಸೆಕೆಂಡ್‌ನಿಂದ 2.59ಕ್ಕೆ ಏರಿದೆ. ಆದರೆ ಓಡಾಟದ ದೂರವೂ ಹೆಚ್ಚಿರುವುದರಿಂದ ಇದನ್ನು ನಿವ್ವಳ ಅನುಕೂಲವೆಂದು ಹೇಳುವುದು ಅವಸರವಾದೀತು.

6. ಮೂರಂಕದ ಸ್ಪರ್ಧೆ: ಗೆರೆಯ ದೂರ

1994-95ರಿಂದ 1996-97ರವರೆಗಿನ ಮೂರು ಋತುಗಳಲ್ಲಿ ಎನ್‌ಬಿಎ ತನ್ನ ಮೂರಂಕದ ಗೆರೆಯನ್ನು ಎಲ್ಲ ಕಡೆಯೂ ಒಂದೇ ಸಮನಾಗಿ 22 ಅಡಿಗೆ (6.71 ಮೀಟರ್) ಇಳಿಸಿತ್ತು. ಅದರ ಮೊದಲೂ ಆಮೇಲೂ ಕಮಾನಿನ ಭಾಗದಲ್ಲಿ ದೂರ 23 ಅಡಿ 9 ಇಂಚು (7.24 ಮೀಟರ್), ಮೂಲೆಗಳಲ್ಲಿ 22 ಅಡಿ. ಹಾಗಾಗಿ 1995, 1996, 1997ರ ಸ್ಪರ್ಧೆಗಳು ಹತ್ತಿರದ ಗೆರೆಯಿಂದ ನಡೆದವು. ವಿಜೇತರು ಕ್ರಮವಾಗಿ ಗ್ಲೆನ್ ರೈಸ್, ಟಿಮ್ ಲೆಗ್ಲರ್, ಸ್ಟೀವ್ ಕರ್.

ಈ ವ್ಯತ್ಯಾಸವನ್ನು ಅತಿಯಾಗಿ ಹಿಗ್ಗಿಸುವುದೂ ಸಲ್ಲದು. ಐದು ರ‍್ಯಾಕ್‌ಗಳಲ್ಲಿ ಎರಡು ಮೂಲೆಯಲ್ಲಿವೆ. ಅಲ್ಲಿ ದೂರ ಬದಲಾಗಲೇ ಇಲ್ಲ. ಬದಲಾದದ್ದು ಉಳಿದ ಮೂರು ರ‍್ಯಾಕ್‌ಗಳ 15 ಎಸೆತಗಳಲ್ಲಿ, ತಲಾ 21 ಇಂಚು, ಸುಮಾರು 53 ಸೆಂಟಿಮೀಟರ್.

ಲೆಗ್ಲರ್ 1996ರಲ್ಲಿ ಮೂರು ಸುತ್ತುಗಳಲ್ಲಿ 23, 22, 20, ಒಟ್ಟು 65 ಅಂಕ ಗಳಿಸಿದರು. ಸ್ಟೀಫನ್ ಕರಿ 2021ರಲ್ಲಿ ಎರಡು ಸುತ್ತುಗಳಲ್ಲಿ 31 ಮತ್ತು 28, ಒಟ್ಟು 59 ಗಳಿಸಿದರು. ಬರೀ ಮೊತ್ತ ನೋಡಿದರೆ ಲೆಗ್ಲರ್ ಮುಂದೆ. ಸುತ್ತಿನ ಸರಾಸರಿ ನೋಡಿದರೆ 21.7 ಎದುರು 29.5, ಕರಿ ಬಹಳ ಮುಂದೆ. ಗರಿಷ್ಠದ ಪಾಲಾಗಿ ಲೆಕ್ಕ ಹಾಕಿದರೆ 90ಕ್ಕೆ 65, ಅಂದರೆ ಶೇ. 72.2, 80ಕ್ಕೆ 59, ಅಂದರೆ ಶೇ. 73.8. ಗೆರೆಯ ಅಂತರವನ್ನು ಗಣನೆಗೆ ತೆಗೆದುಕೊಳ್ಳುವ ಮುನ್ನವೇ ಎರಡೂ ಸಾಧನೆಗಳ ನಡುವಿನ ವ್ಯತ್ಯಾಸ ಶೇ. 2ಕ್ಕಿಂತ ಕಡಿಮೆ. ಒಂದೇ ಜೋಡಿ ಸಾಧನೆಗಳಿಗೆ ಮೂರು ಲೆಕ್ಕಗಳು ಮೂರು ಬಗೆಯ ಚಿತ್ರ ಕೊಡುತ್ತವೆ.

7. ಅಂಕದಿಂದ ಎಸೆತದ ಲೆಕ್ಕಕ್ಕೆ

ಚೆಂಡುಗಳ ಬೆಲೆ ಒಂದೇ ಸಮನಿಲ್ಲದ ಕಾರಣ ಅಂಕವೊಂದರಿಂದಲೇ ಎಷ್ಟು ಎಸೆತ ಬಳೆಯೊಳಗೆ ಬಿದ್ದವು ಎಂದು ಹೇಳಲಾಗದು. ಆದರೆ ಕನಿಷ್ಠ-ಗರಿಷ್ಠ ಮಿತಿಯನ್ನು ಗೊತ್ತುಪಡಿಸಬಹುದು. ಗರಿಷ್ಠ ಅಂಕದಿಂದ ಗಳಿಸಿದ ಅಂಕವನ್ನು ಕಳೆದು, ಬಂದ ಕೊರತೆಯನ್ನು ಹೆಚ್ಚು ಬೆಲೆಯ ಚೆಂಡುಗಳಿಗೆ ಹಂಚಿದರೆ ತಪ್ಪಿದ ಎಸೆತಗಳ ಕನಿಷ್ಠ ಸಂಖ್ಯೆ, 1 ಅಂಕದ ಚೆಂಡುಗಳಿಗೆ ಹಂಚಿದರೆ ಗರಿಷ್ಠ ಸಂಖ್ಯೆ ಸಿಗುತ್ತದೆ. ಸಮಯ ಮುಗಿದು ಎಸೆಯದೆ ಉಳಿದ ಚೆಂಡನ್ನೂ ಇಲ್ಲಿ ತಪ್ಪಿದ ಎಸೆತವೆಂದೇ ಎಣಿಸಿದೆ. ಆಯ್ದ ಕೆಲವು ಸುತ್ತುಗಳು:

- ಬರ್ಡ್, 1986, ಅಂತಿಮ: 22/30, ಶೇ. 73.3, ತಪ್ಪಿದ್ದು 4ರಿಂದ 8.
- ಹಾಡ್ಜಸ್, 1986, ಮೊದಲ ಸುತ್ತು, ಮತ್ತು ಕಪೋನೊ, 2008, ಅಂತಿಮ: 25/30, ಶೇ. 83.3, ತಪ್ಪಿದ್ದು 3ರಿಂದ 5.
- ಕರಿ, 2015, ಅಂತಿಮ, ಮತ್ತು ಕ್ಲೇ ಥಾಂಪ್ಸನ್, 2016, ಅಂತಿಮ: 27/34, ಶೇ. 79.4, ತಪ್ಪಿದ್ದು 4ರಿಂದ 7.
- ಡೆವಿನ್ ಬೂಕರ್, 2018, ಅಂತಿಮ: 28/34, ಶೇ. 82.4, ತಪ್ಪಿದ್ದು 3ರಿಂದ 6.
- ಕರಿ, 2021, ಮೊದಲ ಸುತ್ತು, ಮತ್ತು ಟೈರೀಸ್ ಹ್ಯಾಲಿಬರ್ಟನ್, 2023, ಮೊದಲ ಸುತ್ತು: 31/40, ಶೇ. 77.5, ತಪ್ಪಿದ್ದು 4ರಿಂದ 9.
- ಕಾರ್ಲ್-ಆಂಟನಿ ಟೌನ್ಸ್, 2022, ಅಂತಿಮ: 29/40, ಶೇ. 72.5, ತಪ್ಪಿದ್ದು 5ರಿಂದ 11.

ಹಾಡ್ಜಸ್ ಅವರ 25 ಅಂಕಕ್ಕೆ 25ರಲ್ಲಿ 20ರಿಂದ 22 ಎಸೆತಗಳು ಬಿದ್ದಿರಬೇಕು (ಶೇ. 80ರಿಂದ 88). ಕರಿಯವರ 31 ಅಂಕಕ್ಕೆ 27ರಲ್ಲಿ 18ರಿಂದ 23 (ಶೇ. 66.7ರಿಂದ 85.2). ಎರಡು ವ್ಯಾಪ್ತಿಗಳು ಶೇ. 80ರಿಂದ 85.2ರ ನಡುವೆ ಒಂದರ ಮೇಲೊಂದು ಬೀಳುತ್ತವೆ. ಅಂಕಪಟ್ಟಿಯೊಂದನ್ನೇ ಆಧರಿಸಿ 31 ಅಂಕ 25ಕ್ಕಿಂತ ನಿಖರವಾದ ಎಸೆತ ಎಂದಾಗಲಿ, ಅಲ್ಲ ಎಂದಾಗಲಿ ತೀರ್ಮಾನಿಸುವಂತಿಲ್ಲ. "ಹಳೆಯ ದಾಖಲೆ ಮುರಿಯಿತು" ಎಂಬ ಹೇಳಿಕೆ ಅಂಕದ ಮಟ್ಟಿಗೆ ಸರಿ; ನಿಖರತೆಯ ಮಟ್ಟಿಗೆ ಆಧಾರ ಸಾಲದು.

ಅಂಕಮಾನ ಬದಲಾದರೂ ಬಾಧಿತವಾಗದ ಅಳತೆಯೊಂದಿದೆ: ಬಿಡುವಿಲ್ಲದೆ ಬಿದ್ದ ಎಸೆತಗಳ ಎಣಿಕೆ. 1991ರಲ್ಲಿ ಹಾಡ್ಜಸ್ ಒಂದೇ ಸುತ್ತಿನಲ್ಲಿ 19 ಎಸೆತಗಳನ್ನು ಒಂದರ ಬೆನ್ನಿಗೊಂದು ಹಾಕಿದರು. ಈ ಸಂಖ್ಯೆಗೆ ಗರಿಷ್ಠ 30 ಎಂಬ ಅಡಿಟಿಪ್ಪಣಿಯ ಅಗತ್ಯ ಬೀಳದು.

8. ಇಯೊನೆಸ್ಕು ಪ್ರಕರಣ

2023ರ ಜುಲೈ 14ರಂದು ಲಾಸ್ ವೇಗಾಸ್‌ನಲ್ಲಿ ನಡೆದ ಡಬ್ಲ್ಯುಎನ್‌ಬಿಎ ಮೂರಂಕದ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಸಬ್ರಿನಾ ಇಯೊನೆಸ್ಕು 40ಕ್ಕೆ 37 ಅಂಕ ಗಳಿಸಿದರು; 27ರಲ್ಲಿ 25 ಎಸೆತಗಳು ಬಿದ್ದವು. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟರೆ ಮಿತಿಯ ಬದಲು ಒಂದೇ ಉತ್ತರ ಸಿಗುತ್ತದೆ. ಕೊರತೆ 3, ತಪ್ಪಿದ್ದು 2. ಆದ್ದರಿಂದ ತಪ್ಪಿದವು 1 ಅಂಕದ ಒಂದು ಚೆಂಡು ಮತ್ತು 2 ಅಂಕದ ಒಂದು ಚೆಂಡು. 3 ಅಂಕದ ಎರಡೂ ಚೆಂಡುಗಳು ಬಿದ್ದಿರಲೇಬೇಕು.

ಅಂಕದ ಪಾಲು ಶೇ. 92.5, ಎಸೆತದ ಪಾಲು ಶೇ. 92.6. ಮೇಲಿನ ಪಟ್ಟಿಯ ಯಾವ ಸುತ್ತಿನ ಗರಿಷ್ಠ ಸಾಧ್ಯತೆಯೂ (ಶೇ. 88) ಇದನ್ನು ಮುಟ್ಟುವುದಿಲ್ಲ. ಆದರೆ ಪರಿಸ್ಥಿತಿ ಒಂದೇ ಅಲ್ಲ: ಡಬ್ಲ್ಯುಎನ್‌ಬಿಎ ಕಮಾನಿನ ದೂರ 6.75 ಮೀಟರ್, ಚೆಂಡಿನ ಸುತ್ತಳತೆ 28.5 ಇಂಚು, ಎನ್‌ಬಿಎಯದು 29.5 ಇಂಚು.

ಈ ದೃಷ್ಟಿಯಿಂದ 2024ರ ಫೆಬ್ರವರಿ 17ರಂದು ಇಂಡಿಯಾನಾಪೊಲಿಸ್‌ನಲ್ಲಿ ಕರಿ ಮತ್ತು ಇಯೊನೆಸ್ಕು ನಡುವೆ ನಡೆದ ಪ್ರತ್ಯೇಕ ಸ್ಪರ್ಧೆ ಗಮನಾರ್ಹ. ಇಯೊನೆಸ್ಕು ಎನ್‌ಬಿಎ ಗೆರೆಯಿಂದ, ಡಬ್ಲ್ಯುಎನ್‌ಬಿಎ ಚೆಂಡಿನಿಂದ ಎಸೆದರು. ಅಂದರೆ ಎರಡು ಚರಾಂಶಗಳಲ್ಲಿ ಒಂದನ್ನು ಸಮಗೊಳಿಸಿ ಇನ್ನೊಂದನ್ನು ಬಿಡಲಾಯಿತು. ಕರಿ 29-26ರಿಂದ ಗೆದ್ದರು. ಅದೇ ರಾತ್ರಿ ಲಿಲ್ಲಾರ್ಡ್ ಮೂರಂಕದ ಸ್ಪರ್ಧೆ ಗೆದ್ದದ್ದೂ 26 ಅಂಕದಿಂದ. ಒಂದು ಸುತ್ತಿನ ಫಲಿತಾಂಶದ ಮೇಲೆ ಇದಕ್ಕಿಂತ ಹೆಚ್ಚಿನ ತೀರ್ಮಾನ ಕಟ್ಟುವುದು ಸರಿಯಾಗದು.

9. ಸಮಬಲದ ಅಂತಿಮ ಸುತ್ತು

2014ರಲ್ಲಿ ಮಾರ್ಕೊ ಬೆಲಿನೆಲ್ಲಿ ಮತ್ತು ಬ್ರಾಡ್ಲಿ ಬೀಲ್ ಅಂತಿಮ ಸುತ್ತಿನಲ್ಲಿ ತಲಾ 19 ಅಂಕ ಗಳಿಸಿದರು. ಹೆಚ್ಚುವರಿ ಸುತ್ತಿನಲ್ಲಿ ಬೆಲಿನೆಲ್ಲಿ 24 ಗಳಿಸಿ ಗೆದ್ದರು. 2017ರಲ್ಲಿ ಎರಿಕ್ ಗಾರ್ಡನ್ ಮತ್ತು ಕೈರಿ ಅರ್ವಿಂಗ್ ತಲಾ 20ರಲ್ಲಿ ನಿಂತು, ಹೆಚ್ಚುವರಿ ಸುತ್ತಿನಲ್ಲಿ ಗಾರ್ಡನ್ 21-18ರಿಂದ ಗೆದ್ದರು. "ವಿಜೇತರ ಅಂಕ" ಎಂಬ ಒಂದೇ ಕಲಂನಲ್ಲಿ 19 ಬರೆಯಬೇಕೋ 24 ಬರೆಯಬೇಕೋ ಎಂಬುದು ಸಂಪಾದಕೀಯ ಆಯ್ಕೆ. ಎರಡನ್ನೂ ಬರೆಯುವುದೇ ಕ್ಷೇಮ.

10. ಡಂಕ್ ಸ್ಪರ್ಧೆ: ಯಾರ ತೀರ್ಪು?

ಮೂರಂಕದ ಸ್ಪರ್ಧೆಯಲ್ಲಿ ಅಳತೆಗೋಲು ಬದಲಾದರೂ ಅಳೆಯುವ ವಸ್ತು ಕಣ್ಣಿಗೆ ಕಾಣುವಂಥದು. ಡಂಕ್ ಸ್ಪರ್ಧೆಯಲ್ಲಿ ಅಂಕ ಎಂಬುದೇ ತೀರ್ಪುಗಾರರ ಅಭಿಪ್ರಾಯ. ಐವರು ತೀರ್ಪುಗಾರರು ತಲಾ 10ಕ್ಕೆ ಅಂಕ ಕೊಟ್ಟು ಗರಿಷ್ಠ 50 ಆಗುವ ಕ್ರಮ ಹೆಚ್ಚು ಪರಿಚಿತ. 1988ರಲ್ಲಿ ಶಿಕಾಗೋದಲ್ಲಿ ಜೋರ್ಡಾನ್ 50, 47, 50 (ಒಟ್ಟು 147), ಡೊಮಿನಿಕ್ ವಿಲ್ಕಿನ್ಸ್ 50, 50, 45 (ಒಟ್ಟು 145) ಪಡೆದರು. ಆರು ಡಂಕ್‌ಗಳಲ್ಲಿ ನಾಲ್ಕಕ್ಕೆ ಪೂರ್ಣಾಂಕ. 2020ರಲ್ಲಿ, ಮತ್ತೆ ಶಿಕಾಗೋದಲ್ಲಿ, ಆರನ್ ಗಾರ್ಡನ್ ಐದು ಡಂಕ್‌ಗಳಿಗೆ ಸಾಲಾಗಿ 50 ಪಡೆದ ಮೇಲೂ ಕೊನೆಯ ನಿರ್ಣಾಯಕ ಡಂಕ್‌ನಲ್ಲಿ 47 ಪಡೆದು, ಡೆರಿಕ್ ಜೋನ್ಸ್ ಜೂನಿಯರ್ ಅವರ 48ರ ಎದುರು ಸೋತರು. ಪೂರ್ಣಾಂಕ ಇಷ್ಟು ಸಲೀಸಾಗಿ ಬರುವ ಮಾನದಲ್ಲಿ ಉತ್ತಮಕ್ಕೂ ಅತ್ಯುತ್ತಮಕ್ಕೂ ನಡುವಿನ ಭೇದ ಅಂಕದಲ್ಲಿ ಉಳಿಯುವುದು ಕಷ್ಟ. ಆದ್ದರಿಂದ ಒಂದು ವರ್ಷದ 50ನ್ನು ಇನ್ನೊಂದು ವರ್ಷದ 50ಕ್ಕೆ ಸಮನೆಂದು ಭಾವಿಸಲು ಆಧಾರ ಕಡಿಮೆ.

ತೀರ್ಪಿನ ಕ್ರಮವೂ ಸ್ಥಿರವಾಗಿಲ್ಲ. 2002ರಲ್ಲಿ ಚಕ್ರ ತಿರುಗಿಸಿ, ಬಂದ ಹಳೆಯ ಡಂಕ್ ಅನ್ನು ಮರುಪ್ರದರ್ಶಿಸುವ ಸುತ್ತಿತ್ತು. 2008ರಲ್ಲಿ ಅಂತಿಮ ಸುತ್ತನ್ನು ಪ್ರೇಕ್ಷಕರ ಮತ ನಿರ್ಧರಿಸಿತು. ಗೆದ್ದವರು ಡ್ವೈಟ್ ಹೊವಾರ್ಡ್. 2012ರಲ್ಲಿ ಇಡೀ ಸ್ಪರ್ಧೆಯೇ ಪ್ರೇಕ್ಷಕರ ಮತಕ್ಕೆ ಹೋಯಿತು. ಗೆದ್ದವರು ಜೆರೆಮಿ ಎವನ್ಸ್.

ಪಟ್ಟಿಗೂ ನಡೆದದ್ದಕ್ಕೂ ಹೆಚ್ಚು ಅಂತರವಿರುವುದು 2014ರಲ್ಲಿ. ನ್ಯೂ ಓರ್ಲಿಯನ್ಸ್‌ನ ಆ ಸ್ಪರ್ಧೆ ತಂಡಗಳ ನಡುವೆ ನಡೆಯಿತು. ಗೆದ್ದದ್ದು ಜಾನ್ ವಾಲ್, ಪಾಲ್ ಜಾರ್ಜ್, ಟೆರೆನ್ಸ್ ರಾಸ್ ಇದ್ದ ಪೂರ್ವ ತಂಡ. ವಾಲ್ ಅವರನ್ನು ಪ್ರೇಕ್ಷಕರು "ರಾತ್ರಿಯ ಡಂಕರ್" ಎಂದು ಆರಿಸಿದರು. ಹಲವು ಪಟ್ಟಿಗಳಲ್ಲಿ ಆ ವರ್ಷದ ವಿಜೇತರಾಗಿ ವಾಲ್ ಒಬ್ಬರೇ ಕಾಣುತ್ತಾರೆ. ವೈಯಕ್ತಿಕ ಗೌರವ ಮತ್ತು ಸ್ಪರ್ಧೆಯ ಫಲಿತಾಂಶ ಇಲ್ಲಿ ಒಂದಾಗಿಬಿಟ್ಟಿವೆ.

ಫಲಿತಾಂಶಕ್ಕೆ ತಾಗದ ವ್ಯತ್ಯಾಸಗಳೂ ಇವೆ. 1986ರ ವಿಜೇತ ಸ್ಪಡ್ ವೆಬ್ ಅವರ ಎತ್ತರ ಕೆಲವೆಡೆ 5 ಅಡಿ 7 ಇಂಚು (170 ಸೆಂ.ಮೀ.), ಕೆಲವೆಡೆ 5 ಅಡಿ 6 ಇಂಚು (168 ಸೆಂ.ಮೀ.). 2006, 2009, 2010ರ ವಿಜೇತ ನೇಟ್ ರಾಬಿನ್ಸನ್ 5 ಅಡಿ 9 ಇಂಚು. ಯಾವ ಸಂಖ್ಯೆ ಹಿಡಿದರೂ ವೆಬ್ ಅವರೇ ಕುಳ್ಳ ವಿಜೇತರು.

11. "ತಂಡ" ಎಂಬ ಕಲಂ

ಹಾಡ್ಜಸ್ 1993ರ ಮೂರಂಕದ ಸ್ಪರ್ಧೆಯಲ್ಲಿ ಹಾಲಿ ವಿಜೇತರಾಗಿ ಸ್ಪರ್ಧಿಸಿದಾಗ ಯಾವ ಎನ್‌ಬಿಎ ತಂಡದಲ್ಲೂ ಇರಲಿಲ್ಲ. ಲೀಗಿನ ಹೆಸರಷ್ಟೇ ಇದ್ದ ಅಂಗಿ ತೊಟ್ಟಿದ್ದರು. ಮ್ಯಾಕ್ ಮೆಕ್ಲಂಗ್ 2023, 2024, 2025ರಲ್ಲಿ ಡಂಕ್ ಸ್ಪರ್ಧೆಯನ್ನು ಸಾಲಾಗಿ ಮೂರು ವರ್ಷ ಗೆದ್ದ ಮೊದಲಿಗರು. 2024ರಲ್ಲಿ ಅವರು ಬಂದದ್ದು ಎರಡನೆಯ ಸ್ತರದ ಜಿ ಲೀಗಿನ ಆಸಿಯೋಲಾ ಮ್ಯಾಜಿಕ್ ತಂಡದಿಂದ. ಎನ್‌ಬಿಎ ತಂಡಗಳ ಪ್ರಕಾರ ವಿಜೇತರನ್ನು ಎಣಿಸುವವರು ಇಂಥ ಸಾಲುಗಳಿಗೆ ಪ್ರತ್ಯೇಕ ವರ್ಗ ಮಾಡಬೇಕಾಗುತ್ತದೆ.

12. ಕೌಶಲ ಸ್ಪರ್ಧೆ

2003ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ ಈ ಸ್ಪರ್ಧೆಯ ಮೊದಲ ವಿಜೇತ ಜೇಸನ್ ಕಿಡ್. ಚೆಂಡು ಪುಟಿಸುವುದು, ಪಾಸ್, ಎಸೆತ ಇವುಗಳ ಓಟವನ್ನು ಗಡಿಯಾರ ಅಳೆಯುತ್ತಿತ್ತು. 2014ರಲ್ಲಿ ಜೋಡಿಗಳು ಬಂದವು. ಲಿಲ್ಲಾರ್ಡ್ ಮತ್ತು ಟ್ರೇ ಬರ್ಕ್ ಗೆದ್ದರು. 2015ರಿಂದ ಇಬ್ಬರು ಎದುರುಬದುರು ಓಡುವ ಕ್ರಮ ಬಂದು, ಸಮಯಕ್ಕಿಂತ ಯಾರು ಮೊದಲು ಎಂಬುದು ಮುಖ್ಯವಾಯಿತು. 2016ರಲ್ಲಿ ಎತ್ತರದ ಆಟಗಾರರಿಗೂ ಅವಕಾಶ ದೊರೆತು ಟೌನ್ಸ್ ಗೆದ್ದರು. 2022ರಲ್ಲಿ ಸ್ಪರ್ಧೆ ಮತ್ತೆ ತಂಡಗಳದಾಯಿತು. ಆದ್ದರಿಂದ 2014ರವರೆಗಿನ ಸೆಕೆಂಡುಗಳಿಗೂ ಆಮೇಲಿನ ಫಲಿತಾಂಶಗಳಿಗೂ ಸಮಾನ ಅಳತೆಯಿಲ್ಲ.

ನಿಯಮದ ಪದಗಳೇ ಫಲಿತಾಂಶ ತೀರ್ಮಾನಿಸಿದ ಉದಾಹರಣೆ 2025ರದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರಿಸ್ ಪಾಲ್ ಮತ್ತು ವಿಕ್ಟರ್ ವೆಂಬನ್ಯಾಮಾ ಸಮಯ ಉಳಿಸಲು ಚೆಂಡನ್ನು ಗುರಿಯಿಡದೆ ಎಸೆದು ಮುಂದೆ ಹೋದರು. ಅವು ಸಿಂಧುವಾದ ಎಸೆತಗಳಲ್ಲ ಎಂದು ಇಬ್ಬರನ್ನೂ ಅನರ್ಹಗೊಳಿಸಲಾಯಿತು. ಕ್ಲೀವ್‌ಲ್ಯಾಂಡ್‌ನ ಡಾನವನ್ ಮಿಚೆಲ್ ಮತ್ತು ಇವಾನ್ ಮೋಬ್ಲಿ ವಿಜೇತರು.

13. ಪ್ರದರ್ಶನ ಪಂದ್ಯಗಳು

1984ರಿಂದ 1993ರವರೆಗೆ ನಿವೃತ್ತರ ಪಂದ್ಯವೊಂದು ನಡೆಯುತ್ತಿತ್ತು. 1992ರಲ್ಲಿ ಒರ್ಲ್ಯಾಂಡೊದಲ್ಲಿ ನಾರ್ಮ್ ನಿಕ್ಸನ್ ಮತ್ತು ಡೇವಿಡ್ ಥಾಂಪ್ಸನ್ ಇಬ್ಬರಿಗೂ ಮಂಡಿಗೆ ಪೆಟ್ಟಾಯಿತು. ಪಂದ್ಯ ನಿಂತದ್ದಕ್ಕೆ ಗಾಯಗಳ ಭಯವನ್ನು ಮುಖ್ಯ ಕಾರಣವೆಂದು ಹೇಳುವುದು ಸಮಂಜಸ. 1994ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹೊಸಬರ ಪಂದ್ಯ ಅದರ ಜಾಗ ಹಿಡಿಯಿತು. 2000ದಲ್ಲಿ ಅದು ಮೊದಲ ವರ್ಷದವರು ಮತ್ತು ಎರಡನೆಯ ವರ್ಷದವರ ನಡುವಿನ ಪಂದ್ಯವಾಯಿತು. 2015ರಲ್ಲಿ ಅಮೆರಿಕ ಮತ್ತು ಉಳಿದ ಜಗತ್ತು. 2022ರಲ್ಲಿ ನಾಲ್ಕು ತಂಡಗಳ ಕಿರು ಟೂರ್ನಿ. 2022ರಲ್ಲಿ ಸೆಮಿಫೈನಲ್ 50 ಅಂಕಕ್ಕೆ, ಫೈನಲ್ 25 ಅಂಕಕ್ಕೆ ಮುಗಿಯುವಂತಿತ್ತು. ಎರಡೂ ಕೂಡಿ ಲೀಗಿನ 75ನೇ ವರ್ಷದ ಸೂಚನೆ. 2009ರಲ್ಲಿ ಕೆವಿನ್ ಡ್ಯುರಾಂಟ್ ಈ ಪಂದ್ಯದಲ್ಲಿ ಗಳಿಸಿದ 46 ಅಂಕ, ಇಡೀ ತಂಡವೇ 50ಕ್ಕೆ ನಿಲ್ಲುವ ಪಂದ್ಯದಲ್ಲಿ ಬಹುಮಟ್ಟಿಗೆ ಕೈಗೆಟುಕದ್ದು.

ಭಾನುವಾರದ ಪಂದ್ಯದಲ್ಲಿ ಇದೇ ಮಾತನ್ನು ಇನ್ನಷ್ಟು ಖಚಿತವಾಗಿ ಹೇಳಬಹುದು. ವಿಲ್ಟ್ ಚೇಂಬರ್ಲೇನ್ 1962ರಲ್ಲಿ 42, ಆಂಟನಿ ಡೇವಿಸ್ 2017ರಲ್ಲಿ 52, ಜೇಸನ್ ಟೇಟಮ್ 2023ರಲ್ಲಿ 55 ಅಂಕ ಗಳಿಸಿದರು. 2024ರಲ್ಲಿ ಪೂರ್ವ ತಂಡ 211-186ರಿಂದ ಗೆದ್ದಿತು. 2025ರಲ್ಲಿ ಮೊದಲು 40 ಅಂಕ ಮುಟ್ಟಿದ ತಂಡ ಗೆಲ್ಲುವ ಕಿರು ಪಂದ್ಯಗಳಾದವು. ಆ ನಿಯಮದಲ್ಲಿ 55 ಅಂಕದ ದಾಖಲೆಯನ್ನು ಒಂದೇ ಪಂದ್ಯದಲ್ಲಿ ಮುರಿಯುವುದು ಕಷ್ಟವಲ್ಲ, ಅಸಾಧ್ಯ.

14. ನಿಗಮನ

(ಅ) ವಿಜೇತರ ಹೆಸರು ಮತ್ತು ವರ್ಷ, 2014ರ ಡಂಕ್ ಸ್ಪರ್ಧೆಯಂಥ ಅಪವಾದಗಳನ್ನು ಬಿಟ್ಟರೆ, ಪಟ್ಟಿಯಿಂದ ನೇರವಾಗಿ ಎತ್ತಿಕೊಳ್ಳಬಹುದಾದ ಮಾಹಿತಿ. ಅಂಕ ಹಾಗಲ್ಲ.

(ಆ) ಮೂರಂಕದ ಸ್ಪರ್ಧೆಯ ಅಂಕವನ್ನು 1986-2013, 2014-2019, 2020ರಿಂದ ಈಚೆ ಎಂಬ ಮೂರು ಭಾಗಗಳೊಳಗೆ ಮಾತ್ರ ಹೋಲಿಸುವುದು ಸೂಕ್ತ. ಮೊದಲ ಭಾಗದಲ್ಲಿ 1995-97ನ್ನು ಬೇರೆ ಗುರುತಿಸಬೇಕು.

(ಇ) ಡಂಕ್ ಅಂಕಗಳನ್ನು ಒಂದೇ ವರ್ಷದ ಸ್ಪರ್ಧಿಗಳ ನಡುವೆ ಹೋಲಿಸಬಹುದು. ವರ್ಷಗಳಾಚೆ ಹೋಲಿಸಲು ಆಧಾರ ದುರ್ಬಲ.

(ಈ) ಮುಂದಿನ ಪಟ್ಟಿಕಾರರು ಪ್ರತಿ ಅಂಕದ ಜೊತೆ ಗರಿಷ್ಠ ಅಂಕ, ಸುತ್ತು, ಗೆರೆಯ ದೂರ, ತೀರ್ಪಿನ ಕ್ರಮ ಎಂಬ ನಾಲ್ಕು ಕಲಂಗಳನ್ನು ಸೇರಿಸಬೇಕೆಂಬುದು ಈ ಟಿಪ್ಪಣಿಯ ಸಲಹೆ.

ಈ ಕಲಂಗಳನ್ನು ಸೇರಿಸಿ ನೋಡಿದಾಗ, ಇಲ್ಲಿ ಪರಿಶೀಲಿಸಿದ ಪುರುಷರ ಸುತ್ತುಗಳಲ್ಲಿ ಗರಿಷ್ಠದ ಅತಿ ಹೆಚ್ಚು ಪಾಲು ದೊರೆತದ್ದು 31 ಅಂಕಕ್ಕಲ್ಲ, 25 ಅಂಕಕ್ಕೆ: 1986ರಲ್ಲಿ ಹಾಡ್ಜಸ್, 2008ರಲ್ಲಿ ಕಪೋನೊ, ತಲಾ ಶೇ. 83.3.